ಹೊಸ ಫ್ಯಾನ್ ಹಾಕಿಸಿದ ಮೇಲೂ ಯೂನಿಟ್ ಇಳಿಯದಿದ್ದರೆ ಹೀಗೆ ನೋಡಿ

ದಾವಣಗೆರೆಯಲ್ಲಿ ವೈರಿಂಗ್ ಕೆಲಸ ಮಾಡುವ ನನಗೆ ಬೇಸಿಗೆ ಬಂತೆಂದರೆ ಇದೇ ಫೋನು: ‘ಅಣ್ಣಾ, ಬಿಎಲ್‌ಡಿಸಿ ಫ್ಯಾನ್ ಹಾಕಿಸಿದ್ವಲ್ಲ, ಕರೆಂಟ್ ಯಾಕೆ ಉಳೀತಿಲ್ಲ?’ ಬಿಎಲ್‌ಡಿಸಿ ಅಂದರೆ ಕಡಿಮೆ ಕರೆಂಟಿನಲ್ಲೇ ತಿರುಗುವ ಹೊಸ ಬಗೆಯ ಫ್ಯಾನ್. ಹೋಗಿ ನೋಡಿದರೆ ಸಾಮಾನ್ಯವಾಗಿ ಮೀಟರೂ ಸರಿ, ಫ್ಯಾನೂ ಸರಿ. ಕಡಿಮೆ ಕರೆಂಟ್ ಸಾಕು ಅಂತ ಗೊತ್ತಾದ ಮೇಲೆ ಸ್ವಿಚ್ ಆರಿಸುವ ರೂಢಿ ತಪ್ಪಿರುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಇದನ್ನು ಬರೆದಿದ್ದ: ಉಗಿಯಂತ್ರ ಸುಧಾರಿಸಿದಷ್ಟೂ ಕಲ್ಲಿದ್ದಲಿನ ಬಳಕೆ ಏರುತ್ತದೆ ಅಂತ.

ಮೊದಲು ಬಿಲ್ಲಿನಲ್ಲಿ ರೂಪಾಯಿ ಬಿಟ್ಟು ಯೂನಿಟ್ ನೋಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬಂದರೂ ಯೂನಿಟ್ ಅಚ್ಚಾಗಿರುತ್ತದೆ. ಹೋದ ವರ್ಷದ ಅದೇ ತಿಂಗಳ ಬಿಲ್ ಪಕ್ಕದಲ್ಲಿಡಿ. ಏಪ್ರಿಲ್ ಸೆಕೆಯನ್ನು ಆಗಸ್ಟ್ ಮಳೆಯ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಆಮೇಲೆ ಫ್ಯಾನಿನ ಲೆಕ್ಕ. ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್. 75 ವ್ಯಾಟಿನ ಹಳೆ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವ್ಯಾಟಿನ ಹೊಸದು ಅಷ್ಟೇ ಹೊತ್ತು ತಿರುಗಿದರೆ 11ಕ್ಕೂ ಕಡಿಮೆ. ಅದನ್ನೇ ಹಗಲೂ ರಾತ್ರಿ ಬಿಟ್ಟರೆ 21.6! ಹದಿನಾರು ಯೂನಿಟ್ ಉಳಿಯಬೇಕಾದಲ್ಲಿ ಐದು ಚಿಲ್ಲರೆ ಮಾತ್ರ ಉಳಿಯಿತು. ಖಾಲಿ ಹಾಲಿನಲ್ಲಿ ಇನ್ನೊಂದು ಅಂಥದ್ದೇ ತಿರುಗುತ್ತಿದ್ದರೆ ಆ ಐದೂ ಇಲ್ಲ.

ನಿಮ್ಮ ಮನೆಯಲ್ಲಿ ಎಷ್ಟು ಹೊತ್ತು ತಿರುಗುತ್ತದೆ ಅಂತ ಅಂದಾಜು ಹೇಳಬೇಡಿ. ಒಂದು ವಾರ ಸ್ವಿಚ್ ಬೋರ್ಡ್ ಪಕ್ಕ ಹಾಳೆ ಅಂಟಿಸಿ, ಹಾಕಿದ ಹೊತ್ತು, ಆರಿಸಿದ ಹೊತ್ತು ಬರೆಯಿರಿ. ಮಕ್ಕಳ ಕೈಗೆ ಪೆನ್ ಕೊಡಿ, ಅವರು ಬಿಡುವುದಿಲ್ಲ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಮೀಟರ್ ರೀಡಿಂಗನ್ನೂ ಅದರಲ್ಲೇ ಗುರುತು ಹಾಕಿ.

ಹಾಳೆ ತುಂಬಿದ ಮೇಲೆ ಯಾವುದು ಬೇಕಿತ್ತು, ಯಾವುದು ಸುಮ್ಮನೆ ಅಂತ ಬೇರೆ ಮಾಡಿ. ಮೊದಲು ಬಿಲ್ಲಿಗೆ ಹೆದರಿ ಸೆಕೆಯಲ್ಲೇ ಮಲಗುತ್ತಿದ್ದ ಅಜ್ಜಿ ಈಗ ರಾತ್ರಿಯಿಡೀ ಗಾಳಿ ಹಾಕಿಕೊಂಡರೆ ಅದನ್ನು ದಂಡ ಅನ್ನಬೇಡಿ. ಅದಕ್ಕೇ ಅಲ್ಲವೇ ಹೊಸ ಫ್ಯಾನ್ ತಂದದ್ದು? ಆರಿಸಬೇಕಾದದ್ದು ಯಾರೂ ಇಲ್ಲದ ಕೋಣೆಯದು.

ದೀಪದ್ದೂ ಇದೇ ಕಥೆ. ಒಂಬತ್ತು ವ್ಯಾಟಿನ ಆರು ಎಲ್‌ಇಡಿ ಒಟ್ಟಿಗೆ ಉರಿದರೆ ಹಳೇ 60ರ ಬಲ್ಬಿನ ಹತ್ತಿರಕ್ಕೇ ಬಂತು. ಎಸಿ ಇದ್ದರೆ 24ಕ್ಕಿಟ್ಟು ಫ್ಯಾನ್ ಹಾಕಿಕೊಳ್ಳಿ. ಫೈವ್ ಸ್ಟಾರ್ ಅಂತ 18ಕ್ಕೆ ಇಳಿಸಬೇಡಿ.

ಸುಮ್ಮನೆ ಕರೆಂಟ್ ನುಂಗುವ ಇನ್ನೊಂದು ಅಂದರೆ, ಹೊಸ ಫ್ರಿಜ್ ಬಂದ ಮೇಲೂ ‘ಇರಲಿ’ ಅಂತ ಹಿತ್ತಲ ಕೋಣೆಯಲ್ಲಿ ಓಡಿಸುವ ಹಳೇ ಫ್ರಿಜ್. ಕೊಳ್ಳುವಾಗಲೇ ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ.