ಫಾರ್ಮಿನಲ್ಲಿ ‘ಉದ್ಯೋಗ’ ಅನ್ನೋ ಕಾಲಂ

2019ರ ಜನವರಿಯಲ್ಲಿ ನನ್ನ ಕೆಲಸ ಹೋಯಿತು. ಬೆಂಗಳೂರಿನ ಒಂದು ಖಾಸಗಿ ಕಂಪನಿ, ಏಳು ವರ್ಷದ ಸರ್ವೀಸ್. ಜೂನ್‌ನಲ್ಲಿ ನಾನು ಟಿವಿ ಕ್ವಿಜ್ ಶೋ ಒಂದರ ಹಾಟ್ ಸೀಟಿನಲ್ಲಿ ಕೂತಿದ್ದೆ. ನಡುವಿನ ತಿಂಗಳುಗಳನ್ನು ಪಿಎಫ್ ದುಡ್ಡು ತೆಗೆದು ದೂಡಿದ್ದೆ.

2012ರಲ್ಲಿ ಪುನೀತ್ ‘ಕನ್ನಡದ ಕೋಟ್ಯಧಿಪತಿ’ ಶುರು ಮಾಡಿದಾಗಿನಿಂದ ಅಮ್ಮ "ನೀನೂ ಹೋಗೋ" ಅಂತಲೇ ಇದ್ದಳು. ಆಗ ರಜ ಸಿಗ್ತಿರಲಿಲ್ಲ. ಈಗ ಇಡೀ ದಿನ ಖಾಲಿ. ನಾನು ಹೋಗಿದ್ದು ಅದೇ ಥರದ ಇನ್ನೊಂದು ಶೋಗೆ, ಹೆಸರು ಬೇಡ ಬಿಡಿ. ಬೆಳಗ್ಗೆ ಕಬ್ಬನ್ ಪಾರ್ಕಿನ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಸುತ್ತ ಎಲ್ಲ ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವ ಹುಡುಗರು. ಮನೇಲಿ ಕೂತು ಫೋನ್ ನೋಡ್ತಾ ಇರೋದಕ್ಕಿಂತ ಅದು ಎಷ್ಟೋ ವಾಸಿ.

ಲಿಖಿತ ಪರೀಕ್ಷೆ ಆಯಿತು. ಆಡಿಷನ್‌ನಲ್ಲಿ ಒಂದು ಫಾರ್ಮ್ ಕೊಟ್ಟರು. ‘ಉದ್ಯೋಗ’ ಅನ್ನೋ ಕಾಲಂ ಬಂದಾಗ ಪೆನ್ನು ನಿಂತಿತು. ಮೊದಲು ‘ಮಾರ್ಕೆಟಿಂಗ್’ ಅಂತ ಬರೆದೆ. ಹೊಡೆದು ಹಾಕಿ ‘ಸದ್ಯಕ್ಕೆ ಕೆಲಸ ಇಲ್ಲ’ ಅಂತ ಬರೆದೆ. ಫಾರ್ಮ್ ತೆಗೆದುಕೊಂಡ ಹುಡುಗಿ ಅದರ ಸುತ್ತ ಒಂದು ಗೋಲ ಹಾಕಿದಳು.

ಆ ಗೋಲ ಯಾಕೆ ಅಂತ ಆಮೇಲೆ ತಿಳಿಯಿತು. ಮನೆಯಲ್ಲಿ ಶೂಟಿಂಗ್ ಮಾಡೋಕೆ ಬಂದವರಿಗೆ ಅಮ್ಮ ಕಣ್ಣು ಒರೆಸಿಕೊಳ್ಳೋದು ಬೇಕಿತ್ತು. "ಅಳೋವಂಥದ್ದು ಏನಾಗಿದೆಯಪ್ಪಾ? ಈರುಳ್ಳಿ ಹೆಚ್ಚೋವಾಗ ಬನ್ನಿ" ಅಂದಳು ಅಮ್ಮ. ಕೆಲಸ ಇಲ್ಲದವರು ಇಂಥ ಶೋಗೆ ಹೋದರೆ ಇದೊಂದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ನಿಮ್ಮ ಕಷ್ಟದಲ್ಲಿ ಎಷ್ಟು ಹೇಳ್ತೀರಿ, ಎಷ್ಟು ಹೇಳಲ್ಲ ಅಂತ. ನಾನು ಕೆಲಸ ಹೋಗಿದೆ ಅಂತ ಹೇಳಿದೆ. ಅಮ್ಮನ ಸರ ಅಡವಿಟ್ಟಿದ್ದು ಹೇಳಲಿಲ್ಲ.

ಬಟ್ಟೆಯದು ಬೇರೆ ಕಥೆ. ಸಣ್ಣ ಗೆರೆಯ ಶರ್ಟ್ ಬೇಡ, ಬಿಳಿ ಬೇಡ, ಲೋಗೋ ಇರೋದು ಬೇಡವೇ ಬೇಡ ಅಂದಿದ್ದರು. ಬೀರು ತೆಗೆದು ನೋಡಿದರೆ ನನ್ನ ಟೀ ಶರ್ಟುಗಳಲ್ಲೆಲ್ಲ ಹಳೇ ಕಂಪನಿಯ ಹೆಸರು! ಆಫೀಸಿಗೆ ಹಾಕುತ್ತಿದ್ದ ನೀಲಿ ಶರ್ಟಿಗೆ ಐದು ತಿಂಗಳ ನಂತರ ಇಸ್ತ್ರಿ ಬಿತ್ತು.

ಶೂಟಿಂಗ್ ದಿನ ಬೆಳಗ್ಗೆ ಏಳಕ್ಕೇ ಕರೆಸಿ ಫೋನ್ ಇಸ್ಕೊಂಡರು. ಸಂಜೆ ವಾಪಸ್ ಬಂದಾಗ ಒಂದು ಕಂಪನಿಯ ಎಚ್ಆರ್‌ನಿಂದ ನಾಲ್ಕು ಮಿಸ್ಡ್ ಕಾಲ್. ಮಾರನೇ ದಿನ ಮಾಡಿದರೆ "ಬೇರೆಯವರು ಸಿಕ್ಕಿದ್ರು ಸರ್" ಅಂದರು. ಎಲ್ಲಿದ್ದೆ ಅಂತ ಹೇಳೋ ಹಾಗೂ ಇರಲಿಲ್ಲ, ಪ್ರಸಾರ ಆಗೋವರೆಗೂ ಬಾಯಿ ಬಿಡಲ್ಲ ಅಂತ ಸಹಿ ಹಾಕಿದ್ದೆ. ನೀವು ಹೋಗೋದಾದರೆ ಅರ್ಜಿ ಹಾಕಿರುವ ಕಡೆಗೆಲ್ಲ ‘ಇವತ್ತು ಫೋನ್ ಸಿಗಲ್ಲ’ ಅಂತ ಒಂದು ಮೇಲ್ ಹಾಕಿ ಹೋಗಿ.

ಫೋನ್ ಮಾಡುವ ಲೈಫ್‌ಲೈನಿಗೂ ಯೋಚಿಸಬೇಕು. ಬುದ್ಧಿವಂತ ಗೆಳೆಯರೆಲ್ಲ ಆ ಹೊತ್ತಿಗೆ ಮೀಟಿಂಗಲ್ಲಿ ಇರ್ತಾರೆ. ನಾನು ತಿಪಟೂರಿನ ಸೋದರಮಾವನ ನಂಬರ್ ಕೊಟ್ಟಿದ್ದೆ, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪ್ರಶ್ನೆ: 1902ರಲ್ಲಿ ಶಿವನಸಮುದ್ರದಿಂದ ಮೊದಲು ಕರೆಂಟ್ ಹೋಗಿದ್ದು ಎಲ್ಲಿಗೆ? ನನ್ನ ತಲೆಯಲ್ಲಿ ಮೈಸೂರು ಅರಮನೆ ಕೂತಿತ್ತು. ನಾನು ಆಯ್ಕೆ ಓದೋಕೆ ಮುಂಚೆಯೇ ಮಾವ "ಕೆಜಿಎಫ್ ಕಣೋ! ಚಿನ್ನದ ಗಣಿ! ಬೆಂಗಳೂರಿಗೆ ಬಂದಿದ್ದು 1905ರಲ್ಲಿ" ಅಂತ ಕೂಗಿದರು. ಮೂವತ್ತು ಸೆಕೆಂಡಲ್ಲಿ ಹದಿನೈದು ಉಳಿದಿತ್ತು. "ಊಟ ಆಯ್ತಾ?" ಅಂದರು.

6,40,000ಕ್ಕೆ ಬಂದೆ. ಮುಂದಿನದು ಹನ್ನೆರಡೂವರೆ ಲಕ್ಷದ ಪ್ರಶ್ನೆ, ತಪ್ಪಾದರೆ 3,20,000ಕ್ಕೆ ಇಳಿಯಬೇಕು. ಸಂಬಳ ಬರ್ತಿದ್ದರೆ ಆಡುತ್ತಿದ್ದೆ. ನನ್ನ ಜೇಬಿನಲ್ಲಿ ಒಂದು ಚೀಟಿ ಇತ್ತು. ನಾಲ್ಕು ತಿಂಗಳ ಬಾಡಿಗೆ, ಸರ ಬಿಡಿಸೋದು, ಒಂದು ವರ್ಷದ ಮನೆಖರ್ಚು. ಅದರ ಕೆಳಗೆ ‘ಇದು ಬಂದರೆ ಎದ್ದುಬಿಡು’ ಅಂತ ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆ. ಎದ್ದೆ. ಸುಮ್ನೆ ಒಂದು ಊಹೆ ಹೇಳಿ ಅಂದರು ನಿರೂಪಕರು. ಹೇಳಿದೆ, ತಪ್ಪಾಗಿತ್ತು. ದುಡ್ಡು ಗೆದ್ದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ಈಗ ತೆರಿಗೆ ವಿಷಯ. ಇಲ್ಲೇ ನಾನು ಪೆದ್ದನಾಗಿದ್ದು. ಆ ವರ್ಷ ಬೇರೆ ಆದಾಯವೇ ಇಲ್ಲ, ಮೊದಲ ಎರಡೂವರೆ ಲಕ್ಷಕ್ಕಾದರೂ ತೆರಿಗೆ ಇರಲ್ಲ ಅಂದುಕೊಂಡಿದ್ದೆ. ಗೇಮ್ ಶೋ ಬಹುಮಾನಕ್ಕೆ ಆ ವಿನಾಯಿತಿ ಇಲ್ಲ. ಲಾಟರಿಗೆ ಹೇಗೋ ಇದಕ್ಕೂ ಹಾಗೇ, ಆದಾಯ ತೆರಿಗೆ ಕಾಯ್ದೆಯ ಆಗಿನ 115ಬಿಬಿ ಸೆಕ್ಷನ್ ಪ್ರಕಾರ ನೇರವಾಗಿ ಶೇ. 30. ಸಂಬಳ ಬರುವವನಿಗೂ ಕೆಲಸ ಇಲ್ಲದವನಿಗೂ ಒಂದೇ ದರ. 1,92,000 ಮೊದಲೇ ತೆರಿಗೆ ಅಂತ (ಟಿಡಿಎಸ್) ಹಿಡಿದು ಅಕ್ಟೋಬರ್‌ನಲ್ಲಿ 4,48,000 ಅಕೌಂಟಿಗೆ ಬಂತು. ಪ್ರಸಾರ ಆಗಿ ಎರಡು ತಿಂಗಳ ಮೇಲೆ. ರಿಟರ್ನ್ಸ್ ಹಾಕುವಾಗ ಆಡಿಟರ್ "ಟಿಡಿಎಸ್‌ನಲ್ಲಿ ಸೆಸ್, ಅಂದರೆ ತೆರಿಗೆ ಮೇಲಿನ ತೆರಿಗೆ, ಸೇರಿಲ್ಲ, ಇನ್ನೂ 7,680 ಕಟ್ಟಬೇಕು" ಅಂದರು. ಗೆದ್ದ ದಿನವೇ ಪೂರ್ತಿ ದುಡ್ಡಿಗೆ ಲೆಕ್ಕ ಹಾಕಬೇಡಿ. ಚೀಟಿ ಬರೆಯುವಾಗ ನಾನು ಹಾಕಿದ್ದು ಆ ತಪ್ಪು ಲೆಕ್ಕವೇ. ಮನೆಖರ್ಚಿನ ವರ್ಷ ಏಳು ತಿಂಗಳಾಯಿತು.

ಆಗಸ್ಟ್‌ನಲ್ಲಿ ಎಪಿಸೋಡ್ ಬಂತು. ಸಾಲ ಕೇಳಿದವರು ಐದು ಜನ, ಕೆಲಸ ಇದೆ ಬಾ ಅಂದವರು ಒಬ್ಬರೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ಇಂಟರ್‌ವ್ಯೂಗೆ ಹೋದೆ. ಅದೇ ನೀಲಿ ಶರ್ಟ್. ಎಂಟು ತಿಂಗಳ ಗ್ಯಾಪ್ ಬಗ್ಗೆ ಕೇಳ್ತಾರೆ ಅಂತ ಉತ್ತರ ಉರು ಹೊಡೆದಿದ್ದೆ. ಮೇಜಿನ ಆಚೆ ಇದ್ದ ಮೇಡಂ ನನ್ನ ಮುಖವನ್ನೇ ನೋಡ್ತಾ ಇದ್ದರು. ಆಮೇಲೆ ಫೈಲ್ ಮುಚ್ಚಿಟ್ಟು ಕೇಳಿದರು: "ಕೆಜಿಎಫ್ ಅಂತ ಕೂಗಿದ್ರಲ್ಲ ನಿಮ್ಮ ಮಾವ, ಹೇಗಿದ್ದಾರೆ?"