ಪೂಜೆ ವರ್ಷಕ್ಕೊಮ್ಮೆ, ತಿಂಗಳ ಕೊನೆ ಪ್ರತಿ ತಿಂಗಳು

ಪೀಣ್ಯದ ಯಾವ ಕಾರ್ಖಾನೆಗಾದರೂ ಆಯುಧಪೂಜೆಗೆ ಬನ್ನಿ, ಭಕ್ತಿ ಕಣ್ಣಿಗೆ ಕಾಣುತ್ತದೆ. ಲೇತ್‌ನಿಂದ ಫೋರ್ಕ್‌ಲಿಫ್ಟ್‌ವರೆಗೆ ಎಲ್ಲದಕ್ಕೂ ಕುಂಕುಮ, ಚೆಂಡುಹೂವು. ಬಾಗಿಲಲ್ಲಿ ಬೂದುಗುಂಬಳ, ಎಲ್ಲರ ಕೈಯಲ್ಲೂ ಕಡ್ಲೆಪುರಿ. ಪ್ರೊಡಕ್ಷನ್ ಮ್ಯಾನೇಜರ್ ಆದ ನನಗೆ ಅದು ಸುಲಭದ ದಿನ. ನನಗೆ ದೇವರು ನೆನಪಾಗುವುದು ಟಾರ್ಗೆಟ್ ಮುಗಿಸಬೇಕಾದ ತಿಂಗಳ ಕೊನೆಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. 25 ಮಿಲಿಮೀಟರ್ ಬೋರ್, ಅಂದರೆ ಲೋಹದಲ್ಲಿ ಕೊರೆದ ರಂಧ್ರ; ಡ್ರಾಯಿಂಗ್‌ನಲ್ಲಿ ಅದಕ್ಕೆ ಎಚ್7 ಅನ್ನುವ ಮಿತಿ. ಅಂದರೆ 21 ಮೈಕ್ರಾನ್‌ವರೆಗೆ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದೊಡ್ಡದಿರಬಹುದು, ಅದರ ಮೇಲೆ ರಿಜೆಕ್ಟ್. ಬೋರ್ ಗೇಜ್ 24 ತೋರಿಸುತ್ತಿದೆ. ದೊಡ್ಡದಾದ ಬೋರನ್ನು ಮತ್ತೆ ಚಿಕ್ಕದು ಮಾಡೋಕಾಗಲ್ಲ. ಲಾರಿ ಗೇಟಲ್ಲಿ ನಿಂತಿದೆ. "ಮೂರೇ ಮೈಕ್ರಾನ್ ಅಲ್ವಾ ಸಾರ್, ಯಾರಿಗೂ ಗೊತ್ತಾಗಲ್ಲ" ಅಂತಾನೆ ಸೂಪರ್‌ವೈಸರ್. ಅವನು ಹೇಳುವುದು ಸುಳ್ಳೂ ಅಲ್ಲ. ರಿಪೋರ್ಟ್‌ನಲ್ಲಿ 20 ಅಂತ ಬರೆದರೆ ಕಥೆ ಮುಗಿಯಿತು.

ನಾನು ಬಂದ ಅಳತೆಯನ್ನೇ ಬರೆಸುತ್ತೇನೆ. ಗ್ರಾಹಕರಿಗೆ ಫೋನ್ ಮಾಡಿ ಡೀವಿಯೇಷನ್, ಅಂದರೆ ಮಿತಿ ಮೀರಿದ್ದನ್ನು ತೆಗೆದುಕೊಳ್ಳಲು ಒಪ್ಪಿಗೆ, ಕೇಳುತ್ತೇನೆ. ಒಪ್ಪಿ ಬರೆದುಕೊಟ್ಟರೆ ಲಾರಿಗೆ, ಇಲ್ಲದಿದ್ದರೆ ರಿಜೆಕ್ಟ್ ಹಾಕುವ ಕೆಂಪು ಡಬ್ಬಿಗೆ. ಆ ಫೋನನ್ನು ಕ್ವಾಲಿಟಿಯ ಹುಡುಗನ ತಲೆಗೆ ಕಟ್ಟುವುದಿಲ್ಲ, ನಾನೇ ಮಾಡುತ್ತೇನೆ. ಅದಕ್ಕೆ ಮುಂಚೆ ಮಿಷನ್ ಪಕ್ಕ ಒಂದು ನಿಮಿಷ ಸುಮ್ನೆ ನಿಲ್ಲುತ್ತೇನೆ. ಹೀಗೆ ಮಾಡಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಅಂತಾರೆ. ನನಗೆ ಹೆಚ್ಚಾಗಿ ಸಿಗುವುದು ಮೇಲಿನವರ ಬೈಗುಳ. ಆದರೆ ಮಾರನೇ ದಿನ ಆ ಹುಡುಗನ ಮುಖ ನೋಡಲು ಮುಜುಗರ ಆಗಲ್ಲ.

'ಕಾಯಕವೇ ಕೈಲಾಸ' ಅನ್ನುವ ಬೋರ್ಡ್ ನಮ್ಮಲ್ಲೂ ಇದೆ. ಮ್ಯಾನೇಜರ್‌ಗಳು ಅದನ್ನು ತೋರಿಸುವುದು ಓವರ್‌ಟೈಮ್ ಬೇಕಾದಾಗ. ಆ ಮಾತು ಬರುವುದು 12ನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅದೇ ಮಾರಯ್ಯ ಒಮ್ಮೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಇದು ನಮಗೇಕೆ, ಅಲ್ಲೇ ಸುರಿದು ಬನ್ನಿ ಅಂದಳು ಹೆಂಡತಿ ಲಕ್ಕಮ್ಮ. ಟಾರ್ಗೆಟ್ ಹಾಕುವ ನಾವು ಬೋರ್ಡ್ ಬರೆಸುವಾಗ ಲಕ್ಕಮ್ಮನನ್ನು ಜಾಣತನದಿಂದ ಬಿಟ್ಟಿದ್ದೇವೆ.

ಎಚ್‌ಆರ್‌ನವರು ಧ್ಯಾನದ ತರಗತಿ ಶುರು ಮಾಡಿ, ನೀವು ಮುಂದೆ ಕೂತರೆ ಎಲ್ಲರೂ ಬರ್ತಾರೆ ಅಂದರು. ನಾನು ಕೂರದಿರುವುದು ಅದಕ್ಕೇ. ಇನ್‌ಕ್ರಿಮೆಂಟ್ ಬರೆಯುವವನೇ ಕಣ್ಣು ಮುಚ್ಚಿ ಕೂತರೆ ಎದ್ದು ಹೋಗುವ ಧೈರ್ಯ ಯಾರಿಗಿದೆ? ಹಾಜರಿ ತೆಗೆಯುವುದನ್ನೂ ನಿಲ್ಲಿಸಿದೆ. ಬರುವವರು ಕಡಿಮೆಯಾದರು. ಎಚ್‌ಆರ್‌ಗೆ ಇನ್ನೂ ಬೇಜಾರಿದೆ.

ನಿಜವಾದ ತಲೆನೋವು ಶಬರಿಮಲೆ ಸೀಸನ್. ಮಾಲೆ ಹಾಕಿದವರು ಚಪ್ಪಲಿ ಮೆಟ್ಟುವುದಿಲ್ಲ. ಶಾಪ್ ನೆಲದ ತುಂಬ ಲೋಹದ ಚೂರು, ಸೇಫ್ಟಿ ಶೂ ಇಲ್ಲದೆ ಒಳಗೆ ಬಿಡುವಂತಿಲ್ಲ. ಅವರಿಗೆ ಅಳತೆ ರೂಮಿನಲ್ಲೋ, ಡ್ರಾಯಿಂಗ್ ಫೈಲ್ ಜೋಡಿಸುವುದಕ್ಕೋ ಕೆಲಸ ಹುಡುಕುತ್ತೇನೆ. 41 ದಿನದ ವ್ರತ. ಅಷ್ಟೂ ದಿನ ಎಲ್ಲರಂತೆ ನಾನೂ ಅವರನ್ನು 'ಸ್ವಾಮಿ' ಅಂತಲೇ ಕರೆಯಬೇಕು. ದಿನಾ ತಡವಾಗಿ ಬರುವ ಹುಡುಗನನ್ನು ಸ್ವಾಮಿ ಅಂದ ಮೇಲೆ ಹೇಗೆ ಬೈಯೋದು ಹೇಳಿ!