ಸಂಬಳವಿತ್ತು, ಅದಕ್ಕೇ ಉದ್ರಿ ಕೊಡಲಿಲ್ಲ

ಕಲಬುರಗಿಯಲ್ಲಿ ಖಡಕ್ ರೊಟ್ಟಿಯ ವ್ಯಾಪಾರ ಶುರು ಮಾಡಿದಾಗ ನಾನು ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಎರಡು ದೋಣಿಯಲ್ಲಿ ಕಾಲಿಡಬೇಡವೆಂದು ಮನೆಯ ಹಿರಿಯರು ಹೇಳಿದರು. ನಾನು ಇಟ್ಟೆ, ತಿಳಿದೇ ಇಟ್ಟೆ.

ಈ ವ್ಯಾಪಾರದಲ್ಲಿ ಹೊಸಬರನ್ನು ಮುಳುಗಿಸುವುದು ಉದ್ರಿ. ‘ಮಾಲು ಇಟ್ಟು ಹೋಗಿ, ಮಾರಿದ ಮೇಲೆ ಕೊಡುತ್ತೇವೆ’ ಎನ್ನುತ್ತಾರೆ ಅಂಗಡಿಯವರು. ಮುರಿದ ರೊಟ್ಟಿ ವಾಪಸ್ಸು, ಉಳಿದದ್ದೂ ವಾಪಸ್ಸು, ದುಡ್ಡು ಮಾತ್ರ ಮುಂದಿನ ವಾರ. ಮನೆಯ ಒಲೆ ಆ ದುಡ್ಡಿನಿಂದಲೇ ಉರಿಯಬೇಕಾದರೆ ಎಲ್ಲದಕ್ಕೂ ತಲೆಯಾಡಿಸಬೇಕಾಗುತ್ತದೆ. ನನಗೆ ಸಂಬಳ ಬರುತ್ತಿದ್ದುದರಿಂದ ನಗದು ಕೊಡುವವರಿಗಷ್ಟೇ ಮಾಲು ಕೊಟ್ಟೆ. ಗಿರಾಕಿಗಳು ನಿಧಾನಕ್ಕೆ ಹೆಚ್ಚಿದರು, ಬಾಕಿ ಮಾತ್ರ ಬೆಳೆಯಲಿಲ್ಲ. ನೌಕರಿ ಕೊಡುವ ದೊಡ್ಡ ಬಲ ಇದೇ ಎಂದು ನನಗೆ ಅನ್ನಿಸುತ್ತದೆ.

ಮೊದಲೇ ಮಿಲ್ಲಿನ ಸಾಹುಕಾರರಿಗೆ ಹೇಳಿದೆ. ‘ನನ್ನ ಹೊತ್ತು ಕದಿಯದಿದ್ದರೆ ಸಾಕಪ್ಪಾ’ ಎಂದರು. ಸರ್ಕಾರಿ ನೌಕರರ ಮಾತು ಬೇರೆ. ಅನುಮತಿಯಿಲ್ಲದೆ ವ್ಯಾಪಾರ ಮಾಡಲು ಅವರ ನಡತೆ ನಿಯಮಗಳು ಬಿಡುವುದಿಲ್ಲ.

ಸಂಬಳಕ್ಕೆ ಇನ್ನೊಂದು ಗುಣವೂ ಇದೆ: ಅದು ನಷ್ಟವನ್ನು ಮುಚ್ಚಿಡುತ್ತದೆ. ಜೋಳ ತಂದ ದುಡ್ಡು ಯಾವ ಜೇಬಿನದು ಎಂಬುದೇ ತಿಳಿಯದೆ ವರ್ಷ ಕಳೆದುಹೋಗಬಹುದು. ಲೆಕ್ಕ ಬರೆಯುವವನಾದ ನನಗೆ ಅದರ ಭಯವಿತ್ತು. ರೊಟ್ಟಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆದು ಜೋಳ, ಕಟ್ಟಿಗೆ, ಪ್ಯಾಕಿಂಗ್, ರೊಟ್ಟಿ ತಟ್ಟುವ ಹೆಣ್ಣುಮಕ್ಕಳ ಕೂಲಿ ಎಲ್ಲವನ್ನೂ ಅದರಿಂದಲೇ ಕೊಟ್ಟೆ. ನನ್ನ ದುಡಿಮೆಗೂ ಒಂದು ಕೂಲಿ ಬರೆದು ಅದನ್ನು ಖಾತೆಯಲ್ಲೇ ಬಿಟ್ಟೆ. ಆ ಕೂಲಿಯನ್ನೂ ಕಳೆದ ಮೇಲೆ ಉಳಿದರೆ ಮಾತ್ರ ಲಾಭ.

ಸಮಯವನ್ನು ಹೀಗೆ ಬೇರೆ ಮಾಡಿಡಲು ಬರಲಿಲ್ಲ. ಭಾನುವಾರವೇ ವಾರದ ಹಿಟ್ಟು ಬೀಸಿಸಿಡಬಹುದಲ್ಲವೇ ಎಂದು ಗೆಳೆಯರು ಕೇಳುತ್ತಿದ್ದರು. ಜೋಳದ ಹಿಟ್ಟು ಹಳತಾದಂತೆ ಜಿಗಿ ಕಳೆದುಕೊಳ್ಳುತ್ತದೆ. ಎಂಥ ಒಳ್ಳೆಯ ಮಾಲದಂಡಿ ಜೋಳವಾದರೂ ಅಷ್ಟೇ. ಎಷ್ಟು ಕುದಿಯುವ ನೀರು ಹಾಕಿ ನಾದಿದರೂ ತಟ್ಟುವಾಗ ಅಂಚು ಸೀಳುತ್ತದೆ. ಅಂಚು ಸೀಳಿದ ರೊಟ್ಟಿ ಒಣಗಿದ ಮೇಲೆ ಪೊಟ್ಟಣದಲ್ಲೇ ಚೂರಾಗುತ್ತದೆ. ಹಾಗಾಗಿ ಗಿರಣಿಗೆ ಮೇಲಿಂದ ಮೇಲೆ ಹೋಗಲೇಬೇಕು. ಬೆಳಗಿನ ಆ ಓಡಾಟ ನನ್ನದು, ಒಲೆಯ ಮುಂದಿನ ಉಸ್ತುವಾರಿ ಅತ್ತಿಗೆಯವರದು. ಅವರಿಲ್ಲದಿದ್ದರೆ ನೌಕರಿಯ ಜೊತೆಗೆ ಇದು ಸಾಧ್ಯವೇ ಇರಲಿಲ್ಲ.

ಬಿಕ್ಕಟ್ಟು ಬಂದದ್ದು ಡಿಸೆಂಬರ್, ಜನವರಿಯಲ್ಲಿ. ಹೊಸ ತೊಗರಿ ಮಾರುಕಟ್ಟೆಗೆ ಬರುವ ಕಾಲವಾದ್ದರಿಂದ ಮಿಲ್ಲಿನಲ್ಲಿ ರಾತ್ರಿಯವರೆಗೂ ಲೆಕ್ಕ. ಎಳ್ಳಮಾವಾಸ್ಯೆ, ಸಂಕ್ರಾಂತಿ ಬರುವುದೂ ಅದೇ ಹೊತ್ತಿಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೇಡಿಕೆ ಏರುತ್ತದೆ. ಕೈತುಂಬ ನಗದು ಹಿಡಿದು ಬಂದವರನ್ನೂ ಅತ್ತಿಗೆಯವರು ವಾಪಸ್ಸು ಕಳಿಸಿದರು. ಖಾತೆಯಲ್ಲಿ ನನ್ನ ಕೂಲಿಯೂ ಸೇರಿ ದುಡ್ಡು ಉಳಿಯುತ್ತಿತ್ತು, ಕೊರತೆಯಿದ್ದದ್ದು ನನ್ನ ಹೊತ್ತಿಗೆ. ಆಗ ನಿರ್ಧಾರ ಮಾಡಿದೆ.

ರಾಜೀನಾಮೆ ಬರೆಯುವ ಮುಂಚೆ ಸಾಹುಕಾರರ ಬಳಿ ಕುಳಿತು ಮಾತಾಡಿದೆ. ಹಂಗಾಮಿಗೆ ಇನ್ನೊಬ್ಬರನ್ನು ಇಟ್ಟುಕೊಂಡು, ನನಗೆ ಮಧ್ಯಾಹ್ನದ ಮೇಲಿನ ಕೆಲಸವನ್ನಷ್ಟೇ ಕೊಡಲು ಅವರು ಒಪ್ಪಿದರು. ಸಂಬಳ ಅರ್ಧವಾಯಿತು.

ಆ ಅರ್ಧವನ್ನು ಇನ್ನೂ ಬಿಟ್ಟಿಲ್ಲ. ರೊಟ್ಟಿ ಯಂತ್ರಕ್ಕೆ ಪಿಎಂಎಫ್‌ಎಂಇ ಎಂಬ, ಸಣ್ಣ ಆಹಾರ ತಯಾರಕರಿಗೆ ನೆರವಾಗುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸಾಲ ಪಡೆಯುವ ಆಲೋಚನೆಯಿದೆ. ಯೋಜನಾ ವೆಚ್ಚದ ಶೇ 35ರಷ್ಟು ಕೇಂದ್ರದ ಸಹಾಯಧನ, ಅದರ ಮೇಲೆ ರಾಜ್ಯದ ಶೇ 15. ಕೇಳಲು ಚೆನ್ನಾಗಿದೆ, ಆದರೆ ಆ ಹಣ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಇದ್ದು, ಮೂರು ವರ್ಷ ಸಾಲ ಸರಿಯಾಗಿ ತೀರಿಸಿದ ಮೇಲೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಅಲ್ಲಿಯವರೆಗೆ ಕಂತು ತಪ್ಪುವಂತಿಲ್ಲ. ರೊಟ್ಟಿಯ ಖಾತೆಯೇ ಆ ಕಂತನ್ನು ಮಳೆಗಾಲದಲ್ಲೂ ಕಟ್ಟಬಲ್ಲದು ಎಂದು ಕಂಡ ದಿನ ಮಧ್ಯಾಹ್ನದ ಕೆಲಸವನ್ನೂ ಬಿಡುತ್ತೇನೆಂದು ಸಾಹುಕಾರರಿಗೆ ಹೇಳಿಟ್ಟಿದ್ದೇನೆ.